ಜೊತೆಗೆ ಬರುವವಳು

"ಈ ಕಾಲು ಮಾಡಿದ್ದು ಯಾರು?"

ಬಾಗಿಲಲ್ಲಿ ನಿಂತು ಹೀಗೆ ಕೇಳಿದವನ ಗತ್ತಿಗೇ ಅವಳ ಮೈ ಉರಿದುಹೋಯಿತು.

ಅವಳು ಆಗ ಮೊಣಕೈವರೆಗೆ ಪ್ಲಾಸ್ಟರ್ ಮೆತ್ತಿಕೊಂಡು ಕೂತಿದ್ದಳು. ಆಸ್ಪತ್ರೆಯ ಹಿಂಭಾಗದಲ್ಲಿ ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರಕ್ಕೆ ಅವಳು ಸೇರಿ ನಾಲ್ಕು ವರ್ಷವಾಗಿತ್ತು. ಕಾಲು ಕಳೆದುಕೊಂಡು ಬಂದವರೆಲ್ಲ ಅವಳನ್ನು ಕಾಲಕ್ಕ ಎಂದೇ ಕರೆಯುತ್ತಿದ್ದರು. ಅಚ್ಚು ತೆಗೆಯುವುದರಿಂದ ಹಿಡಿದು ಕೊನೆಯ ಪಟ್ಟಿ ಬಿಗಿಯುವವರೆಗೆ ಯಾವ ಕೆಲಸವನ್ನೂ ಅವಳು ಬೇರೆಯವರ ಕೈಗೆ ಬಿಟ್ಟವಳಲ್ಲ.

ಬಂದವನು ಆಸ್ಪತ್ರೆಗೆ ಹೊಸದಾಗಿ ಸೇರಿದ ಫಿಸಿಯೋಥೆರಪಿಸ್ಟ್. ಹೊಸ ಕಾಲು ಹಾಕಿಕೊಂಡವರಿಗೆ ನಡೆಯಲು ಕಲಿಸುವುದು ಅವನ ಕೆಲಸ. ಅವನ ಕೈಯಲ್ಲಿದ್ದದ್ದು ಹೋದ ವಾರವಷ್ಟೇ ಅವಳು ಒಬ್ಬ ಲಾರಿ ಚಾಲಕನಿಗೆ ಮಾಡಿಕೊಟ್ಟಿದ್ದ ಕಾಲು.

ಉಳಿದ ಮೋಟುಗಾಲು ಕೂರುವ ಬಟ್ಟಲು ಬಿಗಿಯಾಗಿದೆ, ಮಂಡಿಯ ಕೆಳಗೆ ಚರ್ಮ ಸುಲಿದುಹೋಗಿದೆ, ಇದು ಕಾಲಲ್ಲ, ಶಿಕ್ಷೆ ಎಂದು ಅವನು ಎಲ್ಲರ ಮುಂದೆ ಜೋರಾಗಿಯೇ ಹೇಳಿದ.

ಅವಳು ಕೈ ಕೂಡ ಒರೆಸಿಕೊಳ್ಳದೆ ಎದ್ದಳು. ಮೊದಲ ದಿನ ಅವರನ್ನು ಎಷ್ಟು ಹೊತ್ತು ನಡೆಸಿದಿರಿ ಎಂದು ಕೇಳಿದಳು. ಮೂರು ಗಂಟೆ ಎಂದ ಮಹಾರಾಯ! ಅರ್ಧ ಗಂಟೆ ಮೀರಬಾರದು ಎಂದು ಅವಳು ಚೀಟಿ ಬರೆದು ಕಳಿಸಿದ್ದಳು. ಆ ಚೀಟಿಯನ್ನು ಅವನು ಓದಿಯೇ ಇರಲಿಲ್ಲ.

ಅವಳು ಕಪಾಟಿನಿಂದ ಒಂದು ಸಾಧನ ತೆಗೆದು ಅವನ ಮುಂದಿಟ್ಟಳು. ಎರಡೂ ಕಾಲು ಚೆನ್ನಾಗಿರುವವರು ಒಂದು ಮಂಡಿ ಮಡಚಿ ಅದರೊಳಗಿಟ್ಟು ಪಟ್ಟಿ ಬಿಗಿದುಕೊಂಡರೆ, ಕೃತಕ ಕಾಲಿನ ಮೇಲೆ ನಿಲ್ಲುವುದು ಹೇಗಿರುತ್ತದೆಂದು ತಿಳಿಯುತ್ತಿತ್ತು.

"ಹತ್ತು ಹೆಜ್ಜೆ ಹಾಕಿ ಸಾರ್. ಆಮೇಲೆ ಮಾತಾಡಿ."

ಪಟ್ಟಿ ಬಿಗಿದುಕೊಂಡ. ನಾಲ್ಕನೇ ಹೆಜ್ಜೆಗೆ ಬೆವರು ಕಿತ್ತುಕೊಂಡು ಬಂತು. ಏಳನೆಯದಕ್ಕೆ ಪಕ್ಕದ ಕಂಬಿ ಹಿಡಿದುಕೊಂಡ. ಅಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿ ನಿಂತಿದ್ದಳು.

ಕಣ್ಣು ಯಾಕೆ ಮುಚ್ಚಿದಿರಿ ಎಂದು ಅವನು ಏದುಸಿರು ಬಿಡುತ್ತ ಕೇಳಿದ.

"ಕಾಲು ಸರಿ ಇದೆಯಾ ಅಂತ ಕೇಳಿದ್ರೆ ಪಾಪ, ಎಲ್ರೂ ಸರಿ ಇದೆ ಅಂತಾನೇ ಅಂತಾರೆ. ಅದಕ್ಕೆ ನಾನು ಕೇಳಲ್ಲ. ಹೆಜ್ಜೆ ಸದ್ದಲ್ಲೇ ಗೊತ್ತಾಗುತ್ತೆ."

ಅವನು ಹತ್ತೂ ಹೆಜ್ಜೆ ಮುಗಿಸಿದ. ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು, ಅದೇ ಎಲ್ಲರ ಮುಂದೆ, ಮೂರು ಗಂಟೆ ನಡೆಸಿದ್ದು ನನ್ನದೇ ತಪ್ಪು ಎಂದ. ಆ ಕಟ್ಟಡದಲ್ಲಿ ಅಲ್ಲಿಯವರೆಗೆ ಒಬ್ಬನೇ ಒಬ್ಬ ಗಂಡಸು ಆ ಮಾತು ಆಡಿದ್ದನ್ನು ಅವಳು ಕೇಳಿರಲಿಲ್ಲ.

'ಅಯ್ಯೋ... ಇವನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳೋಕೂ ಆಗ್ತಿಲ್ಲವಲ್ಲ,' ಎಂದುಕೊಂಡಳು ಕಾಲಕ್ಕ.

ಎಂಟು ತಿಂಗಳಿಗೆ ಮದುವೆಯಾಯಿತು.

* * *

ಇದು ಹನ್ನೊಂದು ವರ್ಷದ ಹಿಂದಿನ ಮಾತು. ಈಗ ಅವರಿಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಹುಟ್ಟಿದ ದಿನದಿಂದ ಒಂದು ಕಡೆ ಕೂತವಳಲ್ಲ, ಅದಕ್ಕೇ ಚೂಟಿ ಎಂದು ಹೆಸರು ಬಿದ್ದಿದೆ. ಮನೆಯಲ್ಲಿ ಅತ್ತೆಯೂ ಇದ್ದಾರೆ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ನಿವೃತ್ತಿಯಾದ ಮೇಲೂ ಮನೆಯವರ ಮಾತಿನಲ್ಲಿ ತಪ್ಪು ಹುಡುಕುವುದನ್ನು ಬಿಟ್ಟಿಲ್ಲ. ಅವಳ ಗಂಡನನ್ನು ರೋಗಿಗಳೆಲ್ಲ ನಡಿಗೆ ಮೇಷ್ಟ್ರು ಎನ್ನುತ್ತಾರೆ. ಅತ್ತೆಯೂ ತಮಾಷೆಗೆ ಮಗನನ್ನು ಹಾಗೇ ಕರೆಯುತ್ತಾರೆ.

ಆರು ತಿಂಗಳ ಹಿಂದೆ ಒಂದು ಸಂಜೆ ನಡಿಗೆ ಮೇಷ್ಟ್ರು ಒಂದು ಸುದ್ದಿ ತಂದ. ದೂರದ ಒಂದು ದೇಶದಲ್ಲಿ ಯುದ್ಧ ಮುಗಿದಿದೆ, ಆದರೆ ನೆಲದೊಳಗೆ ಹುಗಿದಿಟ್ಟ ಬಾಂಬುಗಳು ಹಾಗೇ ಉಳಿದಿವೆ. ಹೊಲಕ್ಕೆ ಹೋದವರು, ಆಟವಾಡಲು ಹೋದ ಮಕ್ಕಳು ಕಾಲು ಕಳೆದುಕೊಳ್ಳುತ್ತಿದ್ದಾರೆ. ಅಲ್ಲಿನ ಒಂದು ಕೇಂದ್ರದಲ್ಲಿ ಕಾಲಿಗಾಗಿ ಕಾಯುತ್ತಿರುವವರೇ ಮುನ್ನೂರು ಜನ. ಒಂದು ಸೇವಾ ಸಂಸ್ಥೆ ಅಲ್ಲಿಗೆ ಇಡೀ ಕುಟುಂಬವನ್ನು ಆರು ವರ್ಷಕ್ಕೆ ಕಳಿಸುತ್ತದೆ.

ಊಟದ ಮೇಜಿನ ಸುತ್ತ ನಾಲ್ವರೂ ಕೂತು ಮಾತಾಡಿದರು. ಚೂಟಿ ತನ್ನ ಸೈಕಲ್ಲೂ ಬರಬೇಕೆಂದು ಷರತ್ತು ಹಾಕಿದಳು. ಅತ್ತೆ ತಾವು ತಂಗಿಯ ಮನೆಗೆ ಹೋಗುವುದಾಗಿ ಹೇಳಿ, ನನ್ನ ನೆಪ ಮಾಡಿಕೊಂಡು ಯಾರೂ ಹಿಂದೆ ಉಳಿಯಬೇಡಿ ಎಂದು ಮೊದಲೇ ಬಾಯಿ ಮುಚ್ಚಿಸಿದರು.

ಕಾಲಕ್ಕ ಆ ಹೊತ್ತು ಏನೂ ಹೇಳಲಿಲ್ಲ. ಅವಳ ತಲೆಯೊಳಗೆ ಆಗಲೇ ಕೆಲಸ ಶುರುವಾಗಿತ್ತು. ಅಲ್ಲಿ ಪ್ಲಾಸ್ಟರ್ ಎಲ್ಲಿಂದ ಬರುತ್ತದೆ? ಪ್ಲಾಸ್ಟಿಕ್ ಹಾಳೆ ಬಿಸಿ ಮಾಡುವ ಒಲೆ ಎಷ್ಟು ದೊಡ್ಡದಿದೆ? ಬೆಳೆಯುವ ಮಕ್ಕಳಿಗೆ ವರ್ಷ ವರ್ಷ ಕಾಲು ಬದಲಿಸಬೇಕು, ಅದಕ್ಕೆ ಅಲ್ಲಿಯವರಿಗೆ ಕೆಲಸ ಕಲಿಸುವುದು ಹೇಗೆ?

ಆ ದೇಶದ ಭಾಷೆ ಕಲಿಯಲು ಮನೆಯವರೆಲ್ಲ ಚೀಟಿ ಬರೆದು ಅಂಟಿಸಲು ಶುರುಮಾಡಿದರು. ಚೂಟಿಯ ಚೀಟಿಗಳಲ್ಲಿ ನಾಯಿ, ಚೆಂಡು, ಗೆಳತಿ. ಅವನ ಚೀಟಿಗಳಲ್ಲಿ ನಮಸ್ಕಾರ, ಧನ್ಯವಾದ, ದಾರಿ ಯಾವುದು. ಕಾಲಕ್ಕ ಫ್ರಿಜ್ಜಿನ ಬಾಗಿಲ ತುಂಬ ತನ್ನ ಚೀಟಿ ಅಂಟಿಸಿದಳು. ಮಂಡಿ, ಮೂಳೆ, ಬಿಗಿ, ಸಡಿಲ, ಎಲ್ಲಿ ಒತ್ತುತ್ತೆ. ಆರು ತಿಂಗಳು ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆದ ಗಂಡ ಅದನ್ನು ಓದಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಬಿಡಿ.

* * *

ಭಾನುವಾರ ಮಧ್ಯಾಹ್ನ ಸಂಸ್ಥೆಯಿಂದ ಒಬ್ಬ ಮೇಡಂ ಮನೆಗೆ ಬಂದರು. ಐವತ್ತು ದಾಟಿದ, ಕತ್ತಿಗೆ ಕನ್ನಡಕ ನೇತುಹಾಕಿಕೊಂಡ, ಮಾತು ಕಡಿಮೆಯ ಹೆಂಗಸು. ತಾವೇ ಹದಿನಾಲ್ಕು ವರ್ಷ ಹೊರದೇಶದಲ್ಲಿ ಕೆಲಸ ಮಾಡಿ ಬಂದವರು. ಕಳಿಸುವ ಮೊದಲು ಮನೆ ನೋಡಿ, ಮನೆಯವರನ್ನೆಲ್ಲ ಮಾತಾಡಿಸುವುದು ಆ ಸಂಸ್ಥೆಯ ಪದ್ಧತಿ.

ಚೂಟಿಯನ್ನು ಮಾತಾಡಿಸಿದರು. ಅತ್ತೆಯನ್ನು ಮಾತಾಡಿಸಿದರು. ಆಮೇಲೆ ಗಂಡಹೆಂಡತಿಯನ್ನು ಕೂರಿಸಿಕೊಂಡು ಕಡತ ಬಿಚ್ಚಿದರು.

"ಹಾಗಾದ್ರೆ ಕೇಂದ್ರದ ಕೆಲಸ ನಿಮ್ಮದು," ಎಂದು ಅವನತ್ತ ನೋಡಿದರು. ಅವಳತ್ತ ತಿರುಗಿ, "ನೀವು ಜೊತೆಗೆ ಬರೋರು. ಮನೆ, ಮಗು ನೋಡ್ಕೊಳ್ತೀರಿ. ಅಲ್ವಾ?"

ಅವಳು ನಕ್ಕಳು. ಪಾಪ, ಬೇರೆ ಯಾರದೋ ಕಡತ ತಂದಿದ್ದಾರೆ ಎಂದುಕೊಂಡಳು.

ಮೇಡಂ ನಗಲಿಲ್ಲ. ಕಡತವನ್ನು ಅವಳತ್ತ ತಿರುಗಿಸಿದರು.

ಪತ್ನಿಯ ಉದ್ಯೋಗ ಎಂಬಲ್ಲಿ 'ಇಲ್ಲ' ಎಂದಿತ್ತು. ಅದರ ಮುಂದೆ, ಅವಳಿಗೆ ಚೆನ್ನಾಗಿ ಗೊತ್ತಿರುವ ಗುಂಡಗಿನ ಅಕ್ಷರದಲ್ಲಿ, 'ಜೊತೆಗೆ ಬರುವವಳು'.

ಕೆಳಗೆ ಅವಳದೇ ಸಹಿ. ಪಕ್ಕದಲ್ಲಿ ಬಿಳಿ ಬೆರಳಚ್ಚು. ಅವಳಿಗೆ ತಕ್ಷಣ ನೆನಪಾಯಿತು. ಎರಡು ತಿಂಗಳ ಹಿಂದೆ ಅವಳು ಅಚ್ಚು ತೆಗೆಯುತ್ತಿದ್ದಾಗ ಅವನು ಕಡತ ಹಿಡಿದು ಬಂದಿದ್ದ. ಪ್ಲಾಸ್ಟರ್ ಗಟ್ಟಿಯಾಗುವ ಮುಂಚೆ ಕೆಲಸ ಮುಗಿಸುವ ಆತುರದಲ್ಲಿ, ಅವನು ತೋರಿಸಿದ ಜಾಗದಲ್ಲಿ ಗೀಚಿ ಕೊಟ್ಟಿದ್ದಳು. ಕಟ್ಟಿಕೊಂಡ ಗಂಡ ತಂದದ್ದನ್ನು ಓದಿ ಸಹಿ ಹಾಕುವವರು ಯಾರು?

'ಹದಿನೈದು ವರ್ಷ... ಎಷ್ಟು ಕಾಲು ಮಾಡಿದೆ ನಾನು? ಉದ್ಯೋಗ ಇಲ್ಲವಂತೆ!'

ಹೇಳಿ, ನಿಮಗಾದರೂ ರಕ್ತ ಕುದಿಯುತ್ತಿರಲಿಲ್ಲವೇ?

ಅವನು ತಲೆ ತಗ್ಗಿಸಿ ಕೂತಿದ್ದ. ಅವಳು ಹಲ್ಲುಕಚ್ಚಿಕೊಂಡು, ನಾವು ಮಾತಾಡಿ ತಿಳಿಸುತ್ತೇವೆ ಎಂದು ಮೇಡಂ ಅವರನ್ನು ಬಾಗಿಲವರೆಗೆ ಬಿಟ್ಟುಬಂದಳು. ಕಡೆಯ ಸಹಿಗೆ ಶನಿವಾರ ಹನ್ನೊಂದಕ್ಕೆ ಕಚೇರಿಗೆ ಬರಬೇಕೆಂದು ಹೇಳಿ ಮೇಡಂ ಹೊರಟರು.

ಬಾಗಿಲು ಹಾಕಿ ತಿರುಗಿದವಳ ಮುಖ ನೋಡಿ ಅತ್ತೆ ಎದ್ದು ನಿಂತರು.

"ಏನು ಬರೆದಿದೀರಿ ಅದರಲ್ಲಿ?" ಎಂದಳು ಗಂಡನಿಗೆ.

ಮಾಮೂಲಿಗೆ ಅವಳು ಅವನನ್ನು ನೀನು ಎನ್ನುತ್ತಾಳೆ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಬಹುವಚನ. ಚೂಟಿ ಕಣ್ಣರಳಿಸಿಕೊಂಡು ಅಜ್ಜಿಯ ಸೆರಗು ಜಗ್ಗಿದಳು. ಅತ್ತೆ ಮೊಮ್ಮಗಳಿಗೆ ಚಪ್ಪಲಿ ಹಾಕಿಸಿ, ಪಾರ್ಕಿಗೆ ಹೋಗೋಣ ಬಾ ಎಂದು ಹೊರಗೆ ಕರೆದೊಯ್ದರು.

* * *

ಅವನು ಹೇಳಿದ್ದಿಷ್ಟು. ಸಂಸ್ಥೆಗೆ ಒಂದು ನಿಯಮವಿದೆ. ಹನ್ನೆರಡು ವರ್ಷದೊಳಗಿನ ಮಗು ಇರುವ ಮನೆಗೆ ಒಂದೇ ಹುದ್ದೆ. ಅಪ್ಪ ಅಮ್ಮ ಇಬ್ಬರೂ ದಿನವಿಡೀ ಹೊರಗಿದ್ದರೆ ಗೊತ್ತಿಲ್ಲದ ಊರಲ್ಲಿ ಮಗು ಒಂಟಿಯಾಗುತ್ತದೆಂದು ಆ ನಿಯಮ. ಅದನ್ನು ಅವನು ಎರಡು ತಿಂಗಳ ಹಿಂದೆಯೇ ಓದಿದ್ದ.

"ಓದಿ?"

"ನಿನಗೆ ಹೇಳೋಣ ಅಂತಿದ್ದೆ..."

"ಅಂತಿದ್ರಿ. ಹೇಳಲಿಲ್ಲ. ನೀವೊಬ್ಬರೇ ಕೂತು, ನೀವು ಕೆಲಸಕ್ಕೆ, ನಾನು ಮನೆಗೆ ಅಂತ ತೀರ್ಮಾನ ಮಾಡಿದ್ರಿ. ನಾನೇನು ನಿಮ್ಮ ಸೂಟ್‌ಕೇಸಾ, ಹೆಸರು ಬರೆದು ಚೀಟಿ ಕಟ್ಟೋಕೆ?"

ಅವನು ನೀರಿನ ಲೋಟ ಹಿಡಿದು ನಿಂತಿದ್ದ. ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

"ಆ ಹುಡುಗಿ ಹೋದಾಗ ನೀನೇ ಅಂದಿದ್ದೆ," ಎಂದ ಮೆಲ್ಲಗೆ. "ಸಾಕು, ಇನ್ನು ನನ್ನ ಕೈಲಾಗಲ್ಲ ಅಂತ."

ಮೂರು ವರ್ಷದ ಹಿಂದಿನ ಮಾತು. ಒಂದು ಹುಡುಗಿ ಪ್ರತಿ ವರ್ಷ ಒಂದೊಂದು ಅಳತೆ ದೊಡ್ಡ ಕಾಲಿಗಾಗಿ ಬರುತ್ತಿದ್ದಳು. ಮೂರು ಕಾಲು ಕೊಟ್ಟಾಗಿತ್ತು. ನಾಲ್ಕನೆಯದು ಸಿದ್ಧವಾದ ದಿನ ಅವಳ ಬದಲು ಅವಳ ಅಪ್ಪ ಬಂದ. ಯಾವುದೋ ಜ್ವರ, ಐದೇ ದಿನದಲ್ಲಿ ಎಲ್ಲ ಮುಗಿದಿತ್ತು. ಆ ಪುಟ್ಟ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕಾರ್ಯಾಗಾರದ ನೆಲದ ಮೇಲೆ ಕೂತು ಕಾಲಕ್ಕ ಅತ್ತ ಪರಿಯನ್ನು ನೋಡಿದವರು ಮರೆಯುವುದಿಲ್ಲ. ಸಾಕು ಎಂದಿದ್ದೂ ನಿಜ.

"ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ನಾನು ಎಲ್ಲಿದ್ದೆ?" ಎಂದು ಕೇಳಿದಳು.

ಅವನು ಲೋಟವನ್ನು ಮೇಜಿನ ಮೇಲಿಟ್ಟ.

"ಕೆಲಸದಲ್ಲಿದ್ದೆ. ಹಿಂದಿನ ಸಂಜೆ ಅತ್ತಿದ್ದು ನೆನಪಿದೆ ನಿಮಗೆ, ಬೆಳಿಗ್ಗೆ ಎದ್ದು ಹೋಗಿದ್ದು ನೆನಪಿಲ್ಲ. ಕುಂಟೋರನ್ನ ಕಂಡ್ರೆ ಮೊದಲು ಆ ಕಾಲಿನ ಮೇಲಿನ ಭಾರ ಇಳಿಸಿ ಅಂತೀರಲ್ಲ, ನನ್ನ ಮೇಲೂ ಅದನ್ನೇ ಪ್ರಯೋಗ ಮಾಡಿದ್ರಿ. ನಾನು ಕುಂಟ್ತಿದ್ನಾ?"

"ನೀನು ಬಾಯಿಬಿಟ್ಟು ಹೇಳಿದ್ಯಾ?" ಈಗ ಅವನ ದನಿಯೂ ಏರಿತು. "ಆರು ತಿಂಗಳಲ್ಲಿ ಒಂದೇ ಒಂದು ಸಲ, ನಾನೂ ಅಲ್ಲಿ ಕಾಲು ಮಾಡ್ತೀನಿ ಅಂತ ಹೇಳಿದ್ಯಾ? ಎಲ್ರಿಗೂ ನೀನು ಕಣ್ಣು ಮುಚ್ಕೊಂಡು ನಿಂತು ಸದ್ದು ಕೇಳ್ತೀಯ, ಸರಿ. ನನಗೆ ಆ ವಿದ್ಯೆ ಬರಲ್ಲ ಕಣೇ!"

ಮಾತು ನೇರವಾಗಿ ನಾಟಿತು. ನಿಜವಾಗಿದ್ದರಿಂದಲೇ ಇನ್ನೂ ಹೆಚ್ಚು ಉರಿಯಿತು. ಕೇಳದೆಯೇ ಎದುರಿನವರ ಕಷ್ಟ ತಿಳಿದುಕೊಳ್ಳುವುದು ಅವಳ ಕಸುಬು. ಹೇಳದೆಯೇ ತನ್ನ ಆಸೆ ಗಂಡನಿಗೆ ತಿಳಿಯುತ್ತದೆಂದು ಅವಳೂ ನಂಬಿಕೊಂಡಿದ್ದಳು. ಆದರೆ ಸಿಟ್ಟಿನಲ್ಲಿರುವ ಹೊತ್ತು ನಿಜವನ್ನು ಒಪ್ಪಿಕೊಳ್ಳುವವರು ಯಾರು?

ಅವಳು ಫ್ರಿಜ್ಜಿನ ಬಾಗಿಲಿಂದ ಚೀಟಿಗಳನ್ನು ಪರಪರನೆ ಕಿತ್ತು ಅವನ ಮುಂದೆ ಮೇಜಿನ ಮೇಲೆ ಹಾಕಿದಳು.

"ಓದಿ."

ಅವನು ಒಂದೊಂದೇ ಎತ್ತಿ ಓದಿದ. ಮೂಳೆ. ಬಿಗಿ. ಸಡಿಲ. ಎಲ್ಲಿ ಒತ್ತುತ್ತೆ. ಅವನ ಮುಖ ಬಿಳಿಚಿಕೊಂಡಿತು.

"ಮನೆ ನೋಡ್ಕೊಳ್ಳೋಳು ಕಲಿಯೋ ಮಾತಾ ಇದು?" ಎಂದಳು. ಅವನ ಮುಂದೆ ಅಳಬಾರದೆಂದು ತಿರುಗಿ ನಿಂತಳು. "ನಾನು ಬರಲ್ಲ. ನೀವೊಬ್ಬರೇ ಹೋಗಿ ಸೇವೆ ಮಾಡಿ."

* * *

ಆರು ದಿನ ಆ ಮನೆಯಲ್ಲಿ ಬೇಕಾದಷ್ಟೇ ಮಾತು. ಚೂಟಿಯನ್ನು ಶಾಲೆಗೆ ಬಿಡುವವರು ಯಾರು, ಕರೆತರುವವರು ಯಾರು, ನಲ್ಲಿ ಸೋರುತ್ತಿದೆ, ಹಾಲು ಮುಗಿದಿದೆ. ಅಷ್ಟೇ.

ಕೆಲಸದಲ್ಲಿ ಇಬ್ಬರೂ ಎದುರುಬದುರು. ಅವಳು ಕಾಲು ಕಳಿಸುತ್ತಿದ್ದಳು, ಅವನು ನಡೆಸುತ್ತಿದ್ದ. ಸರಿಪಡಿಸಬೇಕಾದ್ದನ್ನು ಅವನು ಚೀಟಿಯಲ್ಲಿ ಬರೆದು ಕಳಿಸಿದರೆ ಅವಳು ಸರಿಪಡಿಸಿ ವಾಪಸ್ ಕಳಿಸುತ್ತಿದ್ದಳು. ಒಬ್ಬ ಅಜ್ಜ ತನ್ನ ಹೊಸ ಕಾಲಲ್ಲಿ ಕಂಬಿಯ ನಡುವೆ ನಿಂತು ಇಬ್ಬರ ಮುಖವನ್ನೂ ನೋಡಿ, ನೀವು ಜಗಳ ಮುಗಿಸಿಕೊಂಡು ಬನ್ನಿ, ನಾನು ಬಿದ್ದೇನು ಎಂದುಬಿಟ್ಟರು.

ಚೂಟಿ ಎರಡು ಸಲ ಕೇಳಿದಳು, ನಾವು ಹೋಗುತ್ತೇವಾ ಇಲ್ವಾ ಎಂದು. ಅವಳಿಗೆ ಉತ್ತರ ಸಿಗಲಿಲ್ಲ. ಸೈಕಲ್ಲಿನ ಗಂಟೆ ಬಿಚ್ಚಿ ಕಾಗದದಲ್ಲಿ ಸುತ್ತಿಟ್ಟಿದ್ದವಳು ಅದನ್ನು ಮತ್ತೆ ಹಾಕಿಕೊಂಡಳು.

ಗುರುವಾರ ಅತ್ತೆ ಸೊಸೆಯ ಪಕ್ಕ ಬಂದು ಕೂತರು. ಮಗನ ಪರ ವಕಾಲತ್ತು ಮಾಡಲು ಬಂದರೆಂದು ಅವಳು ಮುಖ ಬಿಗಿದುಕೊಂಡಳು. ಅವರು ಹೇಳಿದ್ದೇ ಬೇರೆ.

"ಅವನು ಚಿಕ್ಕವನಿದ್ದಾಗ್ಲೂ ಹೀಗೇ. ನನಗೆ ತಲೆನೋವು ಬಂದ್ರೆ ಕೇಳದೇ ದೀಪ ಆರಿಸಿಬಿಡ್ತಿದ್ದ. ಉತ್ತರ ಪತ್ರಿಕೆ ತಿದ್ದೋಕೆ ಕತ್ತಲಲ್ಲಿ ಒದ್ದಾಡೋಳು ನಾನು. ಪ್ರೀತಿ ಇದೆ, ಕೇಳೋ ಬುದ್ಧಿ ಇಲ್ಲ. ನಾನೂ ಕಲಿಸ್ಲಿಲ್ಲ." ಸೊಸೆಯ ಕಡೆ ತಿರುಗಿ, "ಬೈಬೇಕಾದ್ರೆ ಬೈ. ಆದ್ರೆ ಅವನು ಬರೆದಿದ್ದು ತಪ್ಪು ಅಂತ ನೀನು ನಿನ್ನ ಕೆಲಸ ಬಿಟ್ಟು ಕೂತ್ರೆ ಲೆಕ್ಕ ಸರಿಹೋಗಲ್ಲ."

ಶನಿವಾರ ತಾನೇ ಹೋಗಿ ಆ ಕಡತದಿಂದ ತನ್ನ ಹೆಸರು ಹೊಡೆದುಹಾಕಿಸುವುದೆಂದು ಅವಳು ಆಗಲೇ ನಿರ್ಧರಿಸಿದ್ದಳು. ಕಾಯುತ್ತಿರುವ ಮುನ್ನೂರು ಜನರ ನೆನಪಾದಾಗಲೆಲ್ಲ ಸಂಕಟವಾಗುತ್ತಿತ್ತು. ಆದರೂ ಉದ್ಯೋಗ ಇಲ್ಲ ಎಂಬ ಆ ಪದ ಕಣ್ಣಮುಂದೆ ಬಂದರೆ ಸಂಕಟವನ್ನೆಲ್ಲ ಸಿಟ್ಟು ನುಂಗಿಹಾಕುತ್ತಿತ್ತು.

* * *

ಸಂಸ್ಥೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಾಗ ಅವನು ಆಗಲೇ ಮೇಡಂ ಎದುರು ಕೂತಿದ್ದ. ಆಸ್ಪತ್ರೆಗೆ ಹೋಗುತ್ತೇನೆಂದು ಹೇಳಿ ಬೆಳಿಗ್ಗೆ ಏಳಕ್ಕೇ ಮನೆಬಿಟ್ಟವನು!

ಅವಳು ಕೂರಲಿಲ್ಲ. ನನ್ನ ಹೆಸರು ತೆಗೆದುಹಾಕಿ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಡಂ ಕಡತ ಮುಂದೆ ಸರಿಸಿ, ನಿಮ್ಮ ಯಜಮಾನರು ಹೊಸದಾಗಿ ತುಂಬಿಕೊಟ್ಟಿದ್ದಾರೆ, ನೋಡಿ ಎಂದರು.

ಪತ್ನಿಯ ಉದ್ಯೋಗ: ಕೃತಕ ಕಾಲು ತಯಾರಿಕೆ, ಹದಿನೈದು ವರ್ಷದ ಅನುಭವ, ಕೇಂದ್ರದ ಹುದ್ದೆಗೆ. ಪತಿಯ ಉದ್ಯೋಗ: ಇಲ್ಲ. ಜೊತೆಗೆ ಬರುವವನು.

ಅದೇ ಗುಂಡಗಿನ ಅಕ್ಷರ.

ಬೇರೆ ಕಥೆಯಾಗಿದ್ದರೆ ನಾಯಕಿಯ ಕಣ್ಣು ತುಂಬಿ ಬರುತ್ತಿತ್ತು, ಗಂಡನ ಕೈ ಹಿಡಿದುಕೊಂಡುಬಿಡುತ್ತಿದ್ದಳು. ನಮ್ಮ ಕಾಲಕ್ಕನಿಗೆ ಮಾತ್ರ ಪಿತ್ತ ನೆತ್ತಿಗೇರಿತು.

"ಮತ್ತೆ ಕೇಳಲಿಲ್ಲ," ಎಂದಳು.

ಅವನು ಗಾಬರಿಯಾಗಿ ಎದ್ದು ನಿಂತ. "ನಿನಗೆ ಇದೇ ತಾನೆ ಬೇಕಿದ್ದಿದ್ದು?"

"ಯಾರು ಹೇಳಿದ್ರು? ಹೋದ ಸಲ ನನ್ನ ಕೆಲಸ ಕಿತ್ಕೊಂಡ್ರಿ, ಕೇಳದೇ. ಈ ಸಲ ನಿಮ್ಮದನ್ನ ಬಿಟ್ಕೊಟ್ರಿ, ಅದೂ ಕೇಳದೇ. ನನ್ನನ್ನೇನು ಅಂದ್ಕೊಂಡಿದೀರಿ? ಗಂಡನ ಕಸುಬು ಬಿಡಿಸಿ ನಾನು ಮೆರೀತೀನಾ?"

"ಮತ್ತೆ ನಾನೇನು ಮಾಡಬೇಕಿತ್ತು?"

"ಮುನ್ನೂರು ಕಾಲು ಮಾಡಿ ಗೋಡೆಗೆ ನೇತು ಹಾಕ್ಲಾ ನಾನು? ನಡೆಸೋರು ಯಾರು? ಮೊದಲ ದಿನ ಅವರ ಕೈ ಹಿಡ್ಕೊಳ್ಳೋರು ಯಾರು? ಅದು ನನಗೆ ಬರುತ್ತಾ? ಹೆದರಿಕೊಂಡು ಕೂತ ಮಗುನ ನೀವು ಹೇಗೆ ಎಬ್ಬಿಸಿ ನಿಲ್ಲಿಸ್ತೀರಿ ಅಂತ ಹನ್ನೊಂದು ವರ್ಷದಿಂದ ನೋಡ್ತಿದೀನಿ. ಇವತ್ತಿಗೂ ನನಗೆ ಬಂದಿಲ್ಲ."

ಬೈಗುಳದ ನಡುವೆ ಹೊಗಳಿಕೆ ನುಗ್ಗಿಬಂದದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕುರ್ಚಿಯ ಬೆನ್ನು ಹಿಡಿದುಕೊಂಡ.

ಅವಳು ಮೇಡಂ ಕಡೆ ತಿರುಗಿದಳು. ಅದೇ ಸಿಟ್ಟಿನಲ್ಲಿ.

"ಒಂದೇ ಹುದ್ದೆ ಅಂತೀರಿ. ಆಯ್ತು, ಒಂದೇ ಕೊಡಿ. ಬೆಳಿಗ್ಗೆ ನಾನು ಅಚ್ಚು ತೆಗೆದು ಕಾಲು ಮಾಡ್ತೀನಿ, ಇವರು ಮಗು ನೋಡ್ಕೊಳ್ತಾರೆ. ಮಧ್ಯಾಹ್ನ ಇವರು ಬಂದು ನಡೆಸ್ತಾರೆ, ನಾನು ಮನೆಗೆ ಹೋಗ್ತೀನಿ. ಅರ್ಧ ಅರ್ಧ. ಮಗು ಒಂಟಿ ಆಗಬಾರ್ದು ಅನ್ನೋದು ತಾನೆ ನಿಮ್ಮ ನಿಯಮ? ಆಗಲ್ಲ."

ಮೇಡಂ ಕನ್ನಡಕ ಏರಿಸಿಕೊಂಡು ನಿಯಮದ ಪುಸ್ತಕ ತೆಗೆದರು. ಒಂದು ಪುಟದಲ್ಲಿ ಬೆರಳಿಟ್ಟು ಎರಡು ಸಲ ಓದಿದರು. ಒಂದು ಹುದ್ದೆ ಎಂದಿದೆ, ಒಬ್ಬರೇ ಮಾಡಬೇಕೆಂದು ಎಲ್ಲೂ ಬರೆದಿಲ್ಲ, ಇದುವರೆಗೆ ಯಾರೂ ಕೇಳಿಯೂ ಇಲ್ಲ ಎಂದರು. ತಮ್ಮೊಬ್ಬರಿಂದ ಆಗುವ ತೀರ್ಮಾನವಲ್ಲ, ಮೇಲಿನವರನ್ನು ಕೇಳಬೇಕು, ಒಪ್ಪದೆಯೂ ಇರಬಹುದು ಎಂದು ಹೇಳಿ ಪಕ್ಕದ ಕೋಣೆಗೆ ಫೋನ್ ಮಾಡಲು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

ಕಿಟಕಿಯಾಚೆ ಎದುರಿನ ಕಟ್ಟಡದ ತಾರಸಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅವಳು ಅದನ್ನೇ ನೋಡುತ್ತ ನಿಂತಳು. ಸಿಟ್ಟೆಲ್ಲ ಹೇಳಿ ಮುಗಿದಿತ್ತು. ಅದರ ಕೆಳಗೆ ಇಷ್ಟು ದಿನ ಏನಿತ್ತೆಂದು ಈಗ ಗೊತ್ತಾಗತೊಡಗಿತು.

"ಒಂದು ಕೇಳ್ಲಾ?" ಎಂದ ಅವನು.

ಅವಳು ತಿರುಗಲಿಲ್ಲ. "ಕೇಳು."

"ನಿನಗೆ ಏನು ಬೇಕು?"

ಎಷ್ಟು ಸಣ್ಣ ಪ್ರಶ್ನೆ! ಬಾಯಿಬಿಟ್ಟು ಹೇಳುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

"ನನಗೆ ಅಲ್ಲಿಗೆ ಹೋಗಬೇಕು. ಕಾಲು ಮಾಡಬೇಕು. ನೀನೂ ಇರಬೇಕು, ನಿನ್ನ ಕೆಲಸ ಮಾಡ್ತಾ ಇರಬೇಕು." ಉಸಿರು ಎಳೆದುಕೊಂಡಳು. "ಭಯ ಆಗುತ್ತೆ ನನಗೆ. ಆ ಹುಡುಗಿಯಂಥ ಮಕ್ಕಳು ಅಲ್ಲಿ ದಿನಾ ಬರ್ತಾರೆ. ಕೆಲವರು ಎರಡನೇ ಕಾಲಿಗೆ ಬರದೇ ಹೋಗ್ತಾರೆ. ನಾನು ಅಳ್ತೀನಿ. ಅಳೋದು ತಪ್ಪಲ್ಲ ಅಂತ ನೀನು ಅಂದ್ಕೋಬೇಕು."

ಅವನು ಹತ್ತಿರ ಬಂದು ನಿಂತ. ಮುಟ್ಟಲಿಲ್ಲ.

"ನೀನು ಅತ್ತಾಗ ನಾನೇನು ಮಾಡ್ಲಿ?"

"ಏನೂ ಮಾಡಬೇಡ. ಪಕ್ಕದಲ್ಲಿ ಕೂತ್ಕೋ. ಕೆಲಸ ಮಾತ್ರ ಕಿತ್ಕೋಬೇಡ."

ಅವನೂ ಕಿಟಕಿಯ ಕಡೆ ತಿರುಗಿದ.

"ಅವತ್ತು ನಿನ್ನನ್ನ ಆ ನೆಲದ ಮೇಲೆ ನೋಡಿದಾಗ... ಇವಳು ಇನ್ನು ಎದ್ದೇಳಲ್ಲ ಅನ್ನಿಸ್ತು ಕಣೇ. ಅಷ್ಟು ಹೆದರಿದ್ದೆ. ಯಾರಿಗೂ ಹೇಳಲಿಲ್ಲ. ಅಲ್ಲಿಗೆ ಕರ್ಕೊಂಡು ಹೋಗಿ ನಿನ್ನನ್ನ ಕಳ್ಕೊಂಡ್ರೆ ಅಂತ... ಅದಕ್ಕೇ ಜೊತೆಗೆ ಬರೋಳು ಅಂತ ಬರೆದೆ. ನಿನ್ನ ಸಲುವಾಗಿ ಅಲ್ಲ. ನನ್ನ ಸಲುವಾಗಿ ಬರೆದಿದ್ದು. ತಪ್ಪು ನನ್ನದೇ."

ಅಷ್ಟು ಹೇಳುವಷ್ಟರಲ್ಲಿ ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನು ಅತ್ತಿದ್ದನ್ನು ಅವಳು ನೋಡಿರಲಿಲ್ಲ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುವ ಗಂಡಸು, ಕರ್ಚೀಫು ಯಾವ ಜೇಬಿನಲ್ಲಿದೆಯೆಂದು ತಡಕಾಡುತ್ತ ನಿಂತಿದ್ದ.

ಅವಳು ಅವನ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ತಾನೂ ಕೂತಳು. ಸುಮ್ಮನಿರು ಎನ್ನಲಿಲ್ಲ, ಕಣ್ಣೊರೆಸಲೂ ಇಲ್ಲ. ಅವನು ಅಳುವಷ್ಟು ಹೊತ್ತೂ ಸುಮ್ಮನೆ ಕೂತಿದ್ದಳು.

ಬಾಗಿಲು ತೆರೆಯಿತು. ಮೇಡಂ ಕೈಯಲ್ಲಿ ಖಾಲಿ ಫಾರಂ ಇತ್ತು. ಎರಡು ವರ್ಷದ ಮಟ್ಟಿಗೆ ಅರ್ಧ ಅರ್ಧ ಮಾಡಿ ನೋಡಲಿ ಎಂದು ಮೇಲಿನವರು ಒಪ್ಪಿದ್ದಾರೆ, ಸರಿಹೋದರೆ ಮುಂದಿನ ನಾಲ್ಕು ವರ್ಷವೂ ಹಾಗೇ ಎಂದರು. ಆಮೇಲೆ ಅವನ ಮುಖ ನೋಡಿ, ಏನಾಯಿತೆಂದು ಅವಳನ್ನು ಕೇಳಿದರು.

"ಏನಿಲ್ಲ ಮೇಡಂ. ಅಳ್ತಿದಾರೆ."

ಮೇಡಂ ತಲೆಯಾಡಿಸಿದರು. ಈ ಸಲ ಇಬ್ಬರೂ ಒಟ್ಟಿಗೆ ತುಂಬಿ, ಇಬ್ಬರೂ ಓದಿ ಸಹಿ ಮಾಡಿ ಎಂದು ಫಾರಂ ಮೇಜಿನ ಮೇಲಿಟ್ಟು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದರು.

ಅವನು ಮೂಗು ಒರೆಸಿಕೊಂಡು ಪೆನ್ನು ತೆಗೆದ. ಅವಳು ಅವನ ಮುಖವನ್ನೇ ನೋಡಿದಳು.

"ಇಷ್ಟೊಂದು ಅತ್ತುಬಿಟ್ಟೆಯಲ್ಲ," ಎಂದಳು. "ಕೆಲಸ ಬಿಡ್ತೀಯಾ?"

"ಇಲ್ಲ," ಎಂದ ಅವನು.

"ನಾನೂ ಬಿಡಲ್ಲ," ಎಂದು ಅವಳು ಫಾರಮನ್ನು ಇಬ್ಬರ ನಡುವೆ ಎಳೆದುಕೊಂಡಳು.